ಟಿಲ್ಲಿ ಯಾರ ಕುದುರೆ?

ಟೋರ್ಗರ್ಸನ್ ಮನೆಯಲ್ಲಿ ಜಗಳ ಆಡಬೇಕೆಂದರೂ ಮೊದಲು ಊಟ ಮುಗಿಯಬೇಕಿತ್ತು. ಅದು ಆರ್ಡಿಸ್ ಅಜ್ಜಿ ಹಾಕಿದ ಕಟ್ಟಳೆ. ಐವತ್ತೆರಡು ವರ್ಷಗಳಿಂದ ಆ ಕಟ್ಟಳೆಯನ್ನು ಯಾರೂ ಮುರಿದಿರಲಿಲ್ಲ. ಜೂನ್ ತಿಂಗಳ ಕೊನೆಯ ಭಾನುವಾರ ಮಾತ್ರ, ಚರ್ಚಿನಿಂದ ಬಂದು ಎಲ್ಲರೂ ಮೇಜಿಗೆ ಕೂತು, ಹಂದಿಮಾಂಸದ ದೊಡ್ಡ ತುಂಡು ಇನ್ನೂ ಅರ್ಧ ಉಳಿದಿರುವಾಗಲೇ ಅದು ಮುರಿದುಬಿತ್ತು.

ಮುರಿಯಲು ಕಾರಣನಾದವನು ಅಜ್ಜನೇ. ಓರ್ಲಿನ್ ಟೋರ್ಗರ್ಸನ್‌ಗೆ ಎಂಬತ್ತೊಂದು ವರ್ಷ. ಹಸುಗಳನ್ನು ಮಗನಿಗೆ ಒಪ್ಪಿಸಿ ಹತ್ತು ವರ್ಷವಾಗಿತ್ತು, ಆದರೆ ಕುದುರೆಗಳನ್ನು ಯಾರಿಗೂ ಒಪ್ಪಿಸಿರಲಿಲ್ಲ. ಕ್ಲೈಡ್ಸ್‌ಡೇಲ್ ಎಂಬ ಭಾರಿ ಜಾತಿಯ ಒಂಬತ್ತು ಕುದುರೆ ಆ ಲಾಯದಲ್ಲಿದ್ದವು. ಉಳುಮೆಗೆ ಟ್ರ್ಯಾಕ್ಟರ್ ಬಂದು ಎರಡು ತಲೆಮಾರು ಕಳೆದಿದ್ದರೂ ವಿಸ್ಕಾನ್ಸಿನ್ನಿನ ಆ ಭಾಗದಲ್ಲಿ ಕುದುರೆ ಇಲ್ಲದ ಟೋರ್ಗರ್ಸನ್‌ನನ್ನು ಯಾರೂ ಕಂಡಿರಲಿಲ್ಲ. ಅಜ್ಜ ಕೋಟಿನ ಜೇಬಿನಿಂದ ಒಂದು ಪತ್ರ ತೆಗೆದು, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡ.

"ಕ್ಲೈಡ್ಸ್‌ಡೇಲ್ ಸಂಘದಿಂದ ಬಂದಿದೆ. ಎರಡೇ ಪ್ರದರ್ಶನಕ್ಕೆ ನಮ್ಮ ಟಿಲ್ಲಿ ಇಡೀ ದೇಶದಲ್ಲಿ ಮೂರನೇ ಸ್ಥಾನದಲ್ಲಿದ್ದಾಳೆ. ಹೀಗೇ ಹೋದ್ರೆ ವರ್ಷದ ಹೆಣ್ಣುಕುದುರೆ ಪ್ರಶಸ್ತಿನೂ ಸಿಗಬಹುದಂತೆ. ಕೇಳಿ. ಮಾಲೀಕರು, ಓರ್ಲಿನ್ ಟೋರ್ಗರ್ಸನ್."

ತನ್ನ ಹೆಸರನ್ನು ಅವನು ಓದಿದ ರೀತಿ ಹೇಗಿತ್ತೆಂದರೆ, ಯಾರೋ ಬೇರೆ ದೊಡ್ಡ ಮನುಷ್ಯನ ಹೆಸರು ಓದಿದಂತಿತ್ತು. ಮೊಮ್ಮಗಳು ಬ್ರಿಟಾ ಚಪ್ಪಾಳೆ ತಟ್ಟಿದಳು. ಮಗ ಕರ್ಟ್, "ಭೇಷ್" ಎಂದು ಇನ್ನೊಂದು ತುಂಡು ಹಾಕಿಕೊಂಡ. ಸೊಸೆ ಡಾರ್ಲಾ ಆಲೂಗಡ್ಡೆಯ ಬಟ್ಟಲನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಎನ್ನುವುದಕ್ಕಿಂತ ಕುಕ್ಕಿದಳು ಎನ್ನಬೇಕು.

"ಟಿಲ್ಲಿ ಯಾರ ಕುದುರೆ, ಅಜ್ಜ?"

ಬ್ರಿಟಾ ಹುಟ್ಟಿದಂದಿನಿಂದ ಡಾರ್ಲಾ ಮಾವನನ್ನು ಅಜ್ಜ ಎಂದೇ ಕರೆಯುತ್ತಿದ್ದಳು. ಆ ಕರೆಯಲ್ಲಿ ಸಲುಗೆಯೂ ಇತ್ತು, ಮರ್ಯಾದೆಯೂ ಇತ್ತು. ಇವತ್ತು ಎರಡೂ ಸ್ವಲ್ಪ ಕಡಿಮೆಯಿದ್ದವು.

"ಇದೇನು ಪ್ರಶ್ನೆ? ಈ ಮನೆಯ ಕುದುರೆ."

"ಮನೆ ಅಂತ ಆ ಕಾಗದದಲ್ಲಿ ಬರೆದಿಲ್ಲ. ನಿಮ್ಮ ಹೆಸರು ಬರೆದಿದೆ. ಆರು ವರ್ಷದ ಹಿಂದೆ ಹಾಲಿನ ಕೋಣೆ ಬಾಗಿಲಲ್ಲಿ ನಿಂತು ನೀವು ಏನಂದ್ರಿ? 'ಬದುಕಿದ್ರೆ ಅದು ನಿನ್ನದು' ಅಂದ್ರಿ. ಬದುಕಿದೆ. ಈಗ ಒಂದು ಟನ್ ತೂಗುತ್ತೆ."

ಅದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆ ಏಪ್ರಿಲ್‌ನಲ್ಲಿ ತಾಯಿಕುದುರೆ ಹೆರಿಗೆಯಲ್ಲೇ ಸತ್ತಿತ್ತು. ಮರಿ ತಣ್ಣಗೆ ಬಿದ್ದಿತ್ತು. ಅಜ್ಜ ನೋಡಿ, ಇದೂ ಹೋಯಿತು ಎಂದು ಮುಚ್ಚಲು ಟಾರ್ಪಾಲು ತರಲು ಹೋದ. ಅವನು ಬರುವಷ್ಟರಲ್ಲಿ ಡಾರ್ಲಾ ಮರಿಯನ್ನು ಟ್ರ್ಯಾಕ್ಟರಿನ ಮುಂದಿನ ಮಣ್ಣೆತ್ತುವ ತೊಟ್ಟಿಗೆ ಎಳೆದು ಹಾಕಿ ಹಾಲಿನ ಕೋಣೆಗೆ ಸಾಗಿಸಿದ್ದಳು. ಟವೆಲ್ಲಿನಿಂದ ಅದರ ಮೈ ಉಜ್ಜಿ ಬಿಸಿ ಮಾಡಿ, ಹನ್ನೆರಡು ದಿನ ಮೇವಿನ ಚೀಲಗಳ ಮೇಲೆ ಮಲಗಿ, ಎರಡು ಗಂಟೆಗೊಮ್ಮೆ ಬಾಟಲಿಯಲ್ಲಿ ಹಾಲು ಕುಡಿಸಿದಳು. ಹದಿಮೂರನೆಯ ದಿನ ಮರಿ ಎದ್ದು ನಿಂತು ಬಕೆಟ್ಟಿಗೆ ಒದೆಯಿತು. ಬಾಟಲಿ ಹಿಡಿದವರದೇ ಮರಿ ಎನ್ನುವುದು ಆ ಸೀಮೆಯ ಲಾಯಗಳಲ್ಲಿ ಯಾರೂ ಬರೆದಿಡದ ಕಾನೂನು. ಆದರೆ ಸಂಘದ ನೋಂದಣಿ ಪತ್ರಕ್ಕೆ ಬಾಟಲಿ ಗೊತ್ತಿರಲಿಲ್ಲ. ತಾಯಿ ಯಾರದೋ ಮರಿ ಅವರದು ಎಂದು ಅದರಲ್ಲಿ ಅಜ್ಜನ ಹೆಸರು ಬಿದ್ದಿತ್ತು.

"ಅಂದಿದ್ದೆ, ಇಲ್ಲ ಅನ್ನಲ್ಲ," ಎಂದ ಅಜ್ಜ. "ಆದ್ರೆ ಈಗ ಹೆಸರು ಬದಲಾಯಿಸಿದ್ರೆ ಏನಾಗುತ್ತೆ ಗೊತ್ತಾ? ನಿಯಮ ಓದು. ಮಾಲೀಕರು ಬದಲಾದ್ರೆ ಅಂಕ ಸೊನ್ನೆಯಿಂದ ಶುರು. ಗೆದ್ದಿದ್ದೆಲ್ಲಾ ನೀರಲ್ಲಿ ಹೋಮ."

"ಪ್ರಶಸ್ತಿ ಬಂದ್ಮೇಲೆ ಬದಲಾಯಿಸಿದ್ರಾಯ್ತಲ್ಲ," ಎಂದು ಕರ್ಟ್ ನಡುವೆ ಬಾಯಿ ಹಾಕಿದ. ಒಳ್ಳೆಯ ಗಂಡಸು. ಒಳ್ಳೆಯ ಗಂಡಸರು ಇಂಥ ಹೊತ್ತಿನಲ್ಲಿ ಹೇಳುವ ಮಾತು ಅದೇ.

"ಬಂದ್ಮೇಲೆ ಯಾರಿಗೆ ಬೇಕು? ಹಾಲು ಕರೆಯೋದು ನಾನು, ಕೆನೆ ಇವರಿಗೆ, ಪಾತ್ರೆ ತೊಳೆಯೋದೂ ನಾನೇ," ಎಂದಳು ಡಾರ್ಲಾ. ಅವಳು ಕೂಗಲಿಲ್ಲ. "ನಂಗೆ ಪ್ರಶಸ್ತಿ ಬಂದ್ರೂ ಸರಿ, ಬರದಿದ್ರೂ ಸರಿ, ಅಜ್ಜ. ನನ್ನ ಕುದುರೆ ನನ್ನ ಹೆಸರಲ್ಲಿ ನಿಲ್ಲಬೇಕು. ಅಲ್ಲೀವರೆಗೆ ನಾನು ಬೇರೆಯವರ ಕುದುರೆ ಕಾಲು ತೊಳೆಯಲ್ಲ."

ಆರ್ಡಿಸ್ ಅಜ್ಜಿ ಕಟ್ಟಳೆ ಮುರಿದದ್ದಕ್ಕೆ ಬೈಯುತ್ತಾಳೆಂದು ಎಲ್ಲರೂ ಕಾದರು. ಅಜ್ಜಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ, "ರೂಬಾರ್ಬ್ ಸಿಹಿ ಯಾರಿಗೆ ಬೇಕು?" ಎಂದಳು ಅಷ್ಟೇ.

*

ಕಾಲು ತೊಳೆಯುವುದೆಂದರೆ ಸಣ್ಣ ಕೆಲಸವೆಂದು ತಿಳಿದವರು ಕ್ಲೈಡ್ಸ್‌ಡೇಲ್ ನೋಡಿಲ್ಲ. ಮೊಣಕಾಲಿನಿಂದ ಗೊರಸಿನ ತನಕ ಬಿಳಿ ಕೂದಲು, ಒಂದೊಂದು ಕಾಲಿಗೂ ಒಂದೊಂದು ಕುರಿಯ ಉಣ್ಣೆಯಷ್ಟು. ಅದನ್ನು ಸೋಪು ಹಾಕಿ ಮೂರು ಸಲ ತೊಳೆದು, ಬಿಳಿ ಮರದಪುಡಿ ಉಜ್ಜಿ ಒಣಗಿಸಿ, ಪುಡಿ ಉದುರುವ ತನಕ ಬಾಚಬೇಕು. ಆಮೇಲೆ ಕುತ್ತಿಗೆಯ ಕೂದಲನ್ನು ಬಣ್ಣದ ಪಟ್ಟಿ ಸೇರಿಸಿ ಹೆಣೆಯಬೇಕು, ಬಾಲವನ್ನು ಗಂಟು ಕಟ್ಟಬೇಕು. ಒಂದು ಕುದುರೆಗೆ ನಾಲ್ಕು ಗಂಟೆ. ಇಪ್ಪತ್ಮೂರು ವರ್ಷದಿಂದ ಆ ಕೆಲಸ ಡಾರ್ಲಾಳದು. ಅದಕ್ಕೂ ಮೊದಲು ಅಜ್ಜಿಯದು. ಕುದುರೆಯನ್ನು ಕಣಕ್ಕೆ ಕರೆದುಕೊಂಡು ಹೋಗುವುದು ಮಾತ್ರ ಗಂಡಸರು.

ಜುಲೈ ಮೊದಲ ವಾರದ ಪ್ರದರ್ಶನಕ್ಕೆ ಗಂಡಸರೇ ಹೋದರು. ಹಿಂದಿನ ದಿನ ಅಜ್ಜ ಲಾಯದಲ್ಲಿ ಬಗ್ಗಿ ಬಗ್ಗಿ ತೊಳೆಯುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು.

"ಸೋಪು ಬಿಡಿಸ್ತಾ ಇಲ್ಲ," ಎಂದಳು ಡಾರ್ಲಾ, ಅವರೆಕಾಯಿ ಸುಲಿಯುತ್ತಾ.

"ನೋಡ್ಬೇಡ," ಎಂದಳು ಅಜ್ಜಿ. "ನೋಡಿದ್ರೆ ಎದ್ದು ಹೋಗ್ತೀಯ. ನಾನೂ ಒಂದ್ಸಲ ಹಿಂಗೇ ಮುನಿಸಿಕೊಂಡಿದ್ದೆ. ಕಿಟಕಿಯಿಂದ ನೋಡಿ ಕೆಟ್ಟೆ."

"ಆಮೇಲೆ?"

"ಆಮೇಲೇನು. ಇವತ್ತಿಗೂ ಗೋಡೆ ಮೇಲೆ ಬಹುಮಾನದ ನಲವತ್ತು ರಿಬ್ಬನ್ ಇದೆ. ಒಂದರಲ್ಲೂ ನನ್ನ ಹೆಸರಿಲ್ಲ."

ಡಾರ್ಲಾ ಕಿಟಕಿಗೆ ಬೆನ್ನು ಹಾಕಿ ಕೂತಳು. ಟಿಲ್ಲಿಯ ಕಾಲಿಗೆ ಸೋಪು ಉಳಿದರೆ ತುರಿಕೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಏಳಲಿಲ್ಲ.

ಮಾರನೆಯ ಸಂಜೆ ಟ್ರಕ್ಕು ಬಂದು ನಿಂತಿತು. ಆರು ಕುದುರೆಗಳಲ್ಲಿ ಟಿಲ್ಲಿಗೆ ಐದನೆಯ ಸ್ಥಾನ. ಅಜ್ಜ ಯಾರನ್ನೂ ನೋಡದೆ ಫ್ರಿಜ್ಜಿನಿಂದ ಆಲೂಗಡ್ಡೆ ಸಲಾಡು ತೆಗೆದು ತಣ್ಣಗಿರುವಂತೆಯೇ ತಿಂದ.

"ತೀರ್ಪುಗಾರ ಏನಂದ?" ಎಂದು ಅಜ್ಜಿ ಕೇಳಿದಳು.

ಕರ್ಟ್ ಬೂಟು ಕಳಚುತ್ತಾ ಹೇಳಿದ: "'ಕುದುರೆ ಚೆನ್ನಾಗಿದೆ ಓರ್ಲಿನ್, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?' ಅಂದ."

ಬ್ರಿಟಾ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು.

ಸೋಮವಾರ ಬೆಳಿಗ್ಗೆ ಹಾಲು ಕರೆದು ಬಂದಾಗ ಡಾರ್ಲಾಳ ಮೊಟ್ಟೆಯ ತಟ್ಟೆಯ ಪಕ್ಕದಲ್ಲಿ ನೋಂದಣಿ ಪತ್ರ ಇತ್ತು. ಹಿಂಬದಿಯ ವರ್ಗಾವಣೆಯ ಜಾಗದಲ್ಲಿ ಅಜ್ಜನ ಸಹಿ ಬಿದ್ದಿತ್ತು.

"ಅಂಕ ಎಲ್ಲಾ ಹೋಗುತ್ತೆ, ನೆನಪಿರಲಿ," ಎಂದ ಅಜ್ಜ ಕಾಫಿ ಕಪ್ಪಿನ ಹಿಂದಿನಿಂದ. "ಅರ್ಹತೆಗೆ ಮೂರು ಪ್ರದರ್ಶನ ಬೇಕು. ಕೈಲಿ ಹಿಡಿದು ನಿಲ್ಲಿಸೋ ಸ್ಪರ್ಧೇಲೂ ಗಾಡಿ ಸ್ಪರ್ಧೇಲೂ ಮೊದಲ ಮೂರರಲ್ಲಿ ಬರಬೇಕು. ನಾವು ಹೋಗೋದು ಇನ್ನು ಮೂರೇ ಉಳಿದಿರೋದು. ಒಂದು ತಪ್ಪಿದ್ರೂ ಮುಗೀತು."

"ಆ ಅಂಕ ಗಳಿಸಿದ ಕಾಲು ತೊಳೆದವಳು ನಾನು, ಅಜ್ಜ. ಇನ್ನೊಂದ್ಸಲ ತೊಳೀತೀನಿ."

ಅವಳು ಪತ್ರವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಎರಡೂ ಮೊಟ್ಟೆ ಪೂರ್ತಿ ತಿಂದಳು. ಅಷ್ಟು ರುಚಿಯಾದ ಮೊಟ್ಟೆ ಅವಳು ಆ ವರ್ಷ ತಿಂದಿರಲಿಲ್ಲ.

*

ಜುಲೈ ಮೂರನೆಯ ವಾರ ತಮ್ಮದೇ ಕೌಂಟಿಯ ಜಾತ್ರೆಯಲ್ಲಿ ಟಿಲ್ಲಿ ಎರಡೂ ಸ್ಪರ್ಧೆ ಗೆದ್ದಿತು. ಕರ್ಟ್ ಕೈಹಗ್ಗ ಹಿಡಿದ, ಅಜ್ಜ ಗಾಡಿ ಓಡಿಸಿದ, ಡಾರ್ಲಾ ಹಿಂದಿನ ಜೇಬಿನಲ್ಲಿ ಬ್ರಷ್ ಸಿಕ್ಕಿಸಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಅವಳು ನಿಲ್ಲುವ ಜಾಗ ಎಂದಿನದೇ. ಆದರೆ ಧ್ವನಿವರ್ಧಕದಲ್ಲಿ "ಮಾಲೀಕರು, ಡಾರ್ಲಾ ಟೋರ್ಗರ್ಸನ್" ಎಂದು ಕೂಗಿದಾಗ ಪಕ್ಕದಲ್ಲಿದ್ದ ಹೆಂಗಸು ತಾನು ತಿನ್ನುತ್ತಿದ್ದ ಕರಿದ ಚೀಸಿನ ಪೊಟ್ಟಣವನ್ನೇ ಅವಳತ್ತ ಚಾಚಿದಳು. ಡಾರ್ಲಾ ಒಂದು ಹಿಡಿ ತೆಗೆದುಕೊಂಡಳು. ಸಂತೋಷ ಆಗಿದೆ ಎಂದು ಮುಚ್ಚಿಡುವ ಮನಸ್ಸು ಅವಳಿಗೆ ಇರಲಿಲ್ಲ.

ಎರಡನೆಯದು ಆಗಸ್ಟಿನಲ್ಲಿ, ನದಿಯಾಚೆ ಮಿನ್ನೆಸೋಟದಲ್ಲಿ. ಆ ಅರ್ಜಿಯನ್ನು ಅಜ್ಜನೇ ತುಂಬಿ ಕಳಿಸಿದ್ದ. "ಹೆಸರು ಬದಲಾದ ಮೇಲೆ ತುಂಬಿದ್ದು, ನಿಶ್ಚಿಂತೆಯಿಂದಿರು" ಎಂದಿದ್ದ. ಅಲ್ಲಿ ಕಣದಲ್ಲಿ ಹೆಸರು ಕೂಗುವ ರೂಢಿ ಇಲ್ಲ, ಸಂಖ್ಯೆ ಮಾತ್ರ. ಟಿಲ್ಲಿಗೆ ಒಂದರಲ್ಲಿ ಮೊದಲು, ಒಂದರಲ್ಲಿ ಎರಡನೆಯದು. ಸಂಜೆ ಡಾರ್ಲಾ ಅರ್ಹತೆಯ ಚೀಟಿಗೆ ಸಹಿ ಹಾಕಿಸಲು ಕಚೇರಿಯ ಡೇರೆಗೆ ಹೋದಳು. ಅಲ್ಲಿ ಕೂತಿದ್ದ ಹೆಂಗಸು ದಾಖಲೆ ನೋಡಿ ತಲೆ ಎತ್ತಿದಳು.

"ಇಲ್ಲಿ ಮಾಲೀಕರು ಓರ್ಲಿನ್ ಅಂತ ಇದೆ, ಅಮ್ಮ."

"ಸಾಧ್ಯವೇ ಇಲ್ಲ."

ಹೆಂಗಸು ಅರ್ಜಿಯನ್ನೇ ತೆಗೆದು ತೋರಿಸಿದಳು. ಅಜ್ಜನ ದುಂಡು ಅಕ್ಷರ. ಜುಲೈ ಹನ್ನೆರಡನೆಯ ತಾರೀಖು. ಮಾಲೀಕರು: ಓರ್ಲಿನ್ ಟೋರ್ಗರ್ಸನ್. ಸ್ಪರ್ಧೆ ಮುಗಿದ ಮೇಲೆ ತಿದ್ದುವ ಹಾಗಿಲ್ಲ. ಆ ಪ್ರದರ್ಶನ ಟಿಲ್ಲಿಯ ಲೆಕ್ಕಕ್ಕೆ ಸೇರುವುದಿಲ್ಲ.

ವಾಪಸು ಮೂರು ಗಂಟೆಯ ದಾರಿ. ಬ್ರಿಟಾ ಟ್ರಕ್ಕು ಓಡಿಸುತ್ತಿದ್ದಳು, ಡಾರ್ಲಾ ನಡುವೆ, ಅಜ್ಜ ಕಿಟಕಿ ಪಕ್ಕ. ಟ್ರಕ್ಕು ಸೇತುವೆ ದಾಟಿತು.

"ಬೇಕಂತಲೇ ಬರೆದ್ರಾ?" ಎಂದಳು ಡಾರ್ಲಾ.

"ಇಲ್ಲ."

"ಮತ್ತೆ?"

"ಗೊತ್ತಿಲ್ಲ ಕಣೆ. ಐವತ್ತೆಂಟು ವರ್ಷ ಆ ಗೆರೆ ಮೇಲೆ ಒಂದೇ ಹೆಸರು ಬರೆದಿದ್ದೀನಿ. ಕೈ ತಾನೇ ಬರೆದುಬಿಟ್ಟಿತು."

"ಕೈ! ಕೈಗೊಂದು ತಲೆ ಬೇರೆ ಇದೆಯಾ ನಿಮಗೆ?"

"ಅಮ್ಮಾ, ಸಾಕು," ಎಂದಳು ಬ್ರಿಟಾ.

"ನೀನು ರಸ್ತೆ ನೋಡು. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಒಂದು ಗೆರೆ ಕೇಳಿದೆ ಇವರ ಹತ್ರ. ಒಂದೇ ಒಂದು ಗೆರೆ."

ಅಜ್ಜ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಜಪ್ಪಯ್ಯ ಅಂದರೂ ಜಗ್ಗದ ಮುದುಕ ಸುಮ್ಮನೆ ಕೂತದ್ದು ನೋಡಿ ಡಾರ್ಲಾಳ ಸಿಟ್ಟು ಇನ್ನಷ್ಟು ಏರಿತು, ಏಕೆಂದರೆ ಅವನು ನಿಜ ಹೇಳುತ್ತಿದ್ದಾನೆಂದು ಅವಳಿಗೆ ಅನ್ನಿಸತೊಡಗಿತ್ತು.

ಮನೆಯಲ್ಲಿ ಕರ್ಟ್ ಊಟಕ್ಕೆ ಮೊಟ್ಟೆ ಕದಡಿ ಹುರಿದಿಟ್ಟಿದ್ದ. ಅವನಿಗೆ ಬರುತ್ತಿದ್ದದ್ದು ಅದೊಂದೇ. ಸುದ್ದಿ ಕೇಳಿ ಅಜ್ಜಿ ಫೋರ್ಕು ಕೆಳಗಿಟ್ಟಳು.

"ಡಾರ್ಲಾ, ಇವನು ಬೇಕಂತ ಮಾಡಿರಲ್ಲ. ನಮ್ಮ ಮದುವೆ ದಿನ ಚರ್ಚಿನ ಪುಸ್ತಕದಲ್ಲಿ ವಧು ಅನ್ನೋ ಕಡೆನೂ ಇವನೇ ಸಹಿ ಹಾಕಿದ್ದ. ಪಾದ್ರಿ ಅಳಿಸಿ ನನ್ನ ಹೆಸರು ಬರೆದ್ರು. ಇವತ್ತಿಗೂ ಅಲ್ಲಿ ಮಸಿ ಕಲೆ ಇದೆ."

"ಆರ್ಡಿಸ್!" ಎಂದ ಅಜ್ಜ.

"ಸುಳ್ಳಾ?"

ಅಜ್ಜ ಮೊಟ್ಟೆಯನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದ. ಡಾರ್ಲಾಳಿಗೆ ನಗು ಬಂತು. ಬೇಡವೆಂದರೂ ಬಂತು. ನಕ್ಕ ಮೇಲೆ ಸಿಟ್ಟು ಮೊದಲಿನ ಬಿಸಿಯಲ್ಲಿ ಉಳಿಯುವುದಿಲ್ಲ, ಏನು ಮಾಡುವುದು.

"ಸರಿ," ಎಂದಳು. "ಸೆಪ್ಟೆಂಬರ್ ಮೊದಲ ವಾರದ್ದು ಒಂದಿದೆ. ಅದರ ಅರ್ಜಿ ನಾನೇ ಬರೀತೀನಿ. ಇನ್ನೊಂದು ಬೇಕು. ಎಲ್ಲಿದೆ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಸೆಪ್ಟೆಂಬರ್ ಹದಿನಾಲ್ಕಕ್ಕೆ ನಲವತ್ತು ಮೈಲಿ ದೂರದಲ್ಲಿ ಒಂದು ಪ್ರದರ್ಶನ ಇತ್ತು. ಅದನ್ನು ನಡೆಸುವವನು ಎಲ್ಡನ್ ಕ್ರಾಮರ್. ಇಪ್ಪತ್ತೆರಡು ವರ್ಷದ ಹಿಂದೆ ಅವನು ತೀರ್ಪುಗಾರನಾಗಿ ಅಜ್ಜನ ಪ್ರೀತಿಯ ಗಂಡುಕುದುರೆಯನ್ನು ಕೊನೆಗೆ ನಿಲ್ಲಿಸಿ, "ಹಿಂಗಾಲು ಹಸುವಿನ ಹಾಗಿದೆ" ಎಂದು ಮೈಕಿನಲ್ಲಿ ಹೇಳಿದ್ದ. ಅಂದಿನಿಂದ ಟೋರ್ಗರ್ಸನ್ ಮನೆಯವರು ಆ ಕಡೆಗೆ ಒಂದು ಲಾಳವನ್ನೂ ಕಳಿಸಿರಲಿಲ್ಲ.

"ಅಲ್ಲಿ ಅರ್ಜಿ ತಾರೀಖೂ ಮುಗಿದಿದೆ," ಎಂದ ಕರ್ಟ್ ಮೆಲ್ಲಗೆ. "ಕ್ರಾಮರ್ ಒಪ್ಪಿದ್ರೆ ಮಾತ್ರ."

ಅಜ್ಜ ಎದ್ದ. ಗೋಡೆಯ ಫೋನಿನ ಹತ್ತಿರ ಹೋಗಿ, ಪುಸ್ತಕ ನೋಡದೆಯೇ ಸಂಖ್ಯೆ ಒತ್ತಿದ. ಇಪ್ಪತ್ತೆರಡು ವರ್ಷ ದ್ವೇಷ ಸಾಧಿಸಿದವನ ಸಂಖ್ಯೆ ಅವನಿಗೆ ಬಾಯಿಪಾಠವಾಗಿತ್ತು. ಮೇಜಿನಲ್ಲಿ ಎಲ್ಲರೂ ಮೊಟ್ಟೆ ತಿನ್ನುವ ನಾಟಕ ಆಡಿದರು.

"ಎಲ್ಡನ್? ಓರ್ಲಿನ್ ಟೋರ್ಗರ್ಸನ್… ಹೌದು, ಬದುಕಿದ್ದೀನಿ… ಇಲ್ಲ, ಆ ವಿಷಯಕ್ಕಲ್ಲ. ನನ್ನ ಸೊಸೆ ಕುದುರೆ ಒಂದಿದೆ. ಹೌದು, ಸೊಸೇದು. ತಡವಾಗಿದೆ, ಗೊತ್ತು. ತಪ್ಪು ನಂದು… ನಂದು ಅಂದೆ. ಇನ್ನೊಂದ್ಸಲ ಹೇಳಿಸ್ಬೇಡ… ಹ್ಞೂಂ… ಹ್ಞೂಂ… ಅವಳನ್ನ ಕೇಳ್ಬೇಕು."

ಅವನು ಫೋನನ್ನು ಎದೆಗೆ ಒತ್ತಿಕೊಂಡು ತಿರುಗಿದ.

"ಬೇರೆ ಗಾಡಿ ಸ್ಪರ್ಧೆಗಳೆಲ್ಲಾ ಭರ್ತಿಯಂತೆ. ಮಾಲೀಕರೇ ಓಡಿಸೋದು ಒಂದರಲ್ಲಿ ಮಾತ್ರ ಜಾಗ ಇದೆಯಂತೆ. ಮಾಲೀಕರೇ, ಡಾರ್ಲಾ. ನೀನು."

ಡಾರ್ಲಾ ಜೀವಮಾನದಲ್ಲಿ ಕಣದೊಳಗೆ ಕಾಲಿಟ್ಟವಳಲ್ಲ. ಹೊಲದ ದಾರಿಯಲ್ಲಿ ಗಾಡಿ ಓಡಿಸಿದ್ದಳು, ಹುಲ್ಲು ಹೇರಿಕೊಂಡು, ಯಾರೂ ನೋಡದಲ್ಲಿ.

"ಬರ್ತೀನಿ ಅಂತ ಹೇಳಿ," ಎಂದಳು.

*

ಆಮೇಲಿನ ಮೂರು ವಾರ ಆ ಮನೆಯಲ್ಲಿ ಯಾವ ಕೆಲಸವೂ ತನ್ನ ಹೊತ್ತಿಗೆ ಆಗಲಿಲ್ಲ. ಜೋಳದ ಮೇವು ಕತ್ತರಿಸುವ ಕಾಲ. ಕರ್ಟ್ ಬೆಳಗಿನಿಂದ ಸಂಜೆ ತನಕ ಯಂತ್ರದ ಮೇಲೆ. ಚೀಸ್ ಕಾರ್ಖಾನೆಯ ಅಂಗಡಿಯಲ್ಲಿ ಕೆಲಸಕ್ಕಿದ್ದ ಬ್ರಿಟಾ ಸಂಜೆಯ ಹಾಲು ಕರೆಯುವ ಪಾಳಿ ವಹಿಸಿಕೊಂಡಳು, ಗೊಣಗುತ್ತಲೇ. ಅಡುಗೆ ಅಜ್ಜಿಯ ಪಾಲಿಗೆ ಬಂತು. ಅಜ್ಜಿ ಒಂದೇ ದೊಡ್ಡ ಪಾತ್ರೆಯಲ್ಲಿ ಮಾಂಸ, ನೂಡಲ್ಸು, ಅಣಬೆ ಸಾರು ಸುರಿದು ಬೇಯಿಸಿ ಮೂರು ದಿನ ಅದನ್ನೇ ಬಡಿಸುತ್ತಿದ್ದಳು.

"ಮತ್ತೆ ಇದೇನಾ?" ಎಂದ ಕರ್ಟ್ ಒಂದು ದಿನ.

"ನಿನ್ನ ಹೆಂಡತಿ ಗಾಡಿ ಕಲೀತಿದ್ದಾಳೆ. ನೀನು ತಿನ್ನೋದು ಕಲಿ," ಎಂದಳು ಅಜ್ಜಿ.

ಕಲಿಸುವವನು ಅಜ್ಜ. ಮೇವಿನ ಹೊಲದ ಪಕ್ಕದ ಮಣ್ಣುದಾರಿಯಲ್ಲಿ ಎರಡು ಗಾಲಿಯ ಪ್ರದರ್ಶನದ ಗಾಡಿ. ಅಜ್ಜ ಬೇಲಿಗೆ ಒರಗಿ ನಿಂತು ಕೂಗುವನು.

"ಲಗಾಮು ಎಳೀಬೇಡ! ಹಸುವಿನ ಹಾಲು ಕರೆಯೋ ಕೈ ಇದೆಯಲ್ಲ, ಅದೇ ಕೈ!"

"ಹಸು ಓಡಲ್ಲ, ಅಜ್ಜ!"

"ಓಡೋ ಹಸು ಅಂದ್ಕೋ!"

ಮೂರನೆಯ ದಿನ ಅಜ್ಜ ಕೂಗುವುದನ್ನು ನಿಲ್ಲಿಸಿದ. ಡಾರ್ಲಾ ಎರಡು ಸುತ್ತು ಹಾಕಿ ಗಾಡಿ ನಿಲ್ಲಿಸಿದಳು.

"ಏನಾಯ್ತು? ತಪ್ಪಾಯ್ತಾ?"

"ಇಲ್ಲ. ಇನ್ನೊಂದು ಸುತ್ತು ಹೋಗು. ಮಾತಾಡಿಸ್ಕೊಂಡು ಹೋಗು ಅದನ್ನ."

ಡಾರ್ಲಾ ಹೋದಳು, ಹಾಲಿನ ಕೋಣೆಯಲ್ಲಿ ಬಾಟಲಿ ಹಿಡಿದಾಗ ಮಾತಾಡಿಸುತ್ತಿದ್ದ ಹಾಗೆಯೇ ಮಾತಾಡಿಸುತ್ತಾ. ಟಿಲ್ಲಿ ಕುತ್ತಿಗೆ ಎತ್ತಿ, ಬಿಳಿ ಕಾಲುಗಳನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಹಾಕುತ್ತಾ ನಡೆಯಿತು. ತಿರುಗಿ ಬಂದಾಗ ಅಜ್ಜ ಕುದುರೆಯ ಹಣೆ ಸವರುತ್ತಾ ನಿಂತ.

"ನಾನು ಓಡಿಸುವಾಗೆಲ್ಲಾ ಇದರ ಒಂದು ಕಿವಿ ಬೇಲಿ ಕಡೆಗೇ ಇರ್ತಿತ್ತು. ಎಲ್ಲಾ ತೀರ್ಪುಗಾರರೂ ಅದಕ್ಕೆ ಒಂದೊಂದು ಅಂಕ ಕಡಿಮೆ ಮಾಡ್ತಿದ್ರು. ಇದರ ಕಿವಿನೇ ಸೊಟ್ಟ ಅಂದ್ಕೊಂಡಿದ್ದೆ ನಾನು. ನೀನು ಎಲ್ಲಿದ್ದೀಯ ಅಂತ ಕೇಳಿಸ್ಕೊಳ್ತಿತ್ತು, ಡಾರ್ಲಾ."

ಡಾರ್ಲಾಳಿಗೆ ಬೇಲಿಯ ಹತ್ತಿರ ನಿಂತು ಕಳೆದ ಬೇಸಿಗೆಗಳೆಲ್ಲ ಒಮ್ಮೆಲೇ ನೆನಪಾದವು. "ಕತ್ತಲಾಗೋಕೆ ಮೊದಲು ಇನ್ನೆರಡು ಸುತ್ತು," ಎಂದು ಲಗಾಮು ಎತ್ತಿಕೊಂಡಳು.

ಸೆಪ್ಟೆಂಬರ್ ಮೊದಲ ವಾರದ ಪ್ರದರ್ಶನ ಸುಸೂತ್ರವಾಗಿ ಮುಗಿಯಿತು. ಅರ್ಜಿಯನ್ನು ಡಾರ್ಲಾ ಬರೆದು, ಬ್ರಿಟಾ ಓದಿ, ಅಜ್ಜಿ ಇನ್ನೊಮ್ಮೆ ಓದಿ ಕಳಿಸಿದ್ದರು. ಉಳಿದದ್ದು ಕ್ರಾಮರ್‌ನ ಕಣ.

ಅಲ್ಲಿಗೆ ಎಲ್ಲರೂ ಹೋದರು. ಅಜ್ಜಿ ಕೂಡ ಮಡಚುವ ಕುರ್ಚಿ ಹಿಡಿದು ಬಂದಳು. ಬೆಳಿಗ್ಗೆ ಕರ್ಟ್ ಹಗ್ಗ ಹಿಡಿದು ಟಿಲ್ಲಿಯನ್ನು ಮೊದಲ ಸ್ಥಾನಕ್ಕೆ ತಂದ. ಮಧ್ಯಾಹ್ನ ಮಾಲೀಕರ ಗಾಡಿ ಸ್ಪರ್ಧೆ, ಒಂಬತ್ತು ಗಾಡಿ. ಡಾರ್ಲಾ ಅಜ್ಜಿಯ ಹಳೆಯ ನೀಲಿ ಟೋಪಿ ಹಾಕಿಕೊಂಡಿದ್ದಳು. ಗಾಡಿ ಹತ್ತುವ ಮೊದಲು ಲಗಾಮಿನ ಬಕಲನ್ನು ಎರಡು ಸಲ ನೋಡಿದಳು. ಅಜ್ಜ ಗಾಲಿ ಹಿಡಿದು ನಿಂತು ಹೇಳಿದ:

"ಮೊದಲ ಮೂರು ಸಾಕು. ಗೆಲ್ಲೋಕೆ ಹೋಗ್ಬೇಡ."

"ಗೆಲ್ಲೋಕೇ ಹೋಗ್ತಿರೋದು," ಎಂದಳು ಡಾರ್ಲಾ.

ಗೇಟು ತೆರೆಯಿತು. ಹೆಸರು ಕೂಗಿದರು, ಅವಳ ಹೆಸರು. ಮೊದಲ ತಿರುವಿನಲ್ಲಿ ಮುಂದಿನ ಗಾಡಿಯ ಕುದುರೆ ಬೆದರಿ ಅಡ್ಡ ಬಂತು. ಬೇಲಿಯಲ್ಲಿ ಕರ್ಟ್ ಕಣ್ಣು ಮುಚ್ಚಿದ. ಡಾರ್ಲಾ ಎಳೆಯಲಿಲ್ಲ. "ಇರು ಪುಟ್ಟಿ, ಇರು" ಎಂದಳು ಅಷ್ಟೇ. ಟನ್ನು ತೂಕದ ಪುಟ್ಟಿ ಎರಡೂ ಕಿವಿ ಹಿಂದಕ್ಕೆ ತಿರುಗಿಸಿ ಅವಳ ಮಾತು ಕೇಳಿ, ಸಾವಕಾಶವಾಗಿ ಸುತ್ತಿ ಬಳಸಿ ಮುಂದೆ ಹೋಯಿತು. ಆ ಕಣದಲ್ಲಿ ಭಯಪಡಲು ಏನೂ ಇಲ್ಲವೆಂದು ಡಾರ್ಲಾಳಿಗೆ ಆಗ ಗೊತ್ತಾಯಿತು. ಉಳಿದ ಸುತ್ತುಗಳಲ್ಲಿ ಅವಳು ಹಲ್ಲು ಕಾಣುವಂತೆ ನಗುತ್ತಿದ್ದಳು.

ಎರಡನೆಯ ಸ್ಥಾನ. ಮೊದಲನೆಯದು ಕ್ರಾಮರ್‌ನ ಹೆಂಡತಿಗೆ.

"ಇದೇನು ನ್ಯಾಯ!" ಎಂದು ಬ್ರಿಟಾ ಕೂಗುವುದರಲ್ಲಿದ್ದಳು. ಅಜ್ಜ ಅವಳ ತೋಳು ಹಿಡಿದ.

"ನ್ಯಾಯವೇ. ಅವಳು ನಲವತ್ತು ವರ್ಷದಿಂದ ಓಡಿಸ್ತಿದ್ದಾಳೆ. ನಿಮ್ಮಮ್ಮ ಮೂರು ವಾರದಿಂದ."

ಕ್ರಾಮರ್ ಊರುಗೋಲು ಊರಿಕೊಂಡು ಬಂದು, ಅರ್ಹತೆಯ ಚೀಟಿಗೆ ಸಹಿ ಹಾಕಿ ಡಾರ್ಲಾಳ ಕೈಗೆ ಕೊಟ್ಟ. ಆಮೇಲೆ ಅಜ್ಜನನ್ನು ನೋಡಿದ. ಇಬ್ಬರು ಮುದುಕರ ನಡುವೆ ಇಪ್ಪತ್ತೆರಡು ವರ್ಷ ನಿಂತಿತ್ತು.

"ಒಳ್ಳೇ ಹಿಂಗಾಲು ಈ ಕುದುರೇದು," ಎಂದ ಕ್ರಾಮರ್.

"ಹೌದು."

"ನಿನ್ನ ಆ ಗಂಡುಕುದುರೆದು…"

"ಹಸುವಿನದೇ," ಎಂದ ಅಜ್ಜ. "ಆವಾಗ್ಲೂ ಗೊತ್ತಿತ್ತು ನಂಗೆ. ಮೈಕಲ್ಲಿ ಹೇಳ್ಬಾರ್ದಿತ್ತು ನೀನು."

ಕ್ರಾಮರ್ ತಲೆಯಾಡಿಸಿ, ತನ್ನ ಡೇರೆಯಲ್ಲಿ ಸಾಸೇಜು ಸುಡುತ್ತಿದ್ದಾರೆ, ಎಲ್ಲರೂ ಬನ್ನಿ ಎಂದ. ಹೋಗಿ ತಿಂದರು. ಅಜ್ಜ ಮೂರು ತಿಂದ.

*

ಅರ್ಹತೆ ಸಿಕ್ಕಿತು. ಆದರೆ ಅರ್ಹತೆ ಬೇರೆ, ನಾಮನಿರ್ದೇಶನ ಬೇರೆ. ಅಕ್ಟೋಬರ್ ಒಂದರೊಳಗೆ ಅಂಚೆಗೆ ಬೀಳಬೇಕಾದ ಆ ಅರ್ಜಿಯನ್ನು ಮಾಲೀಕರೇ ಹಾಕುವ ಹಾಗಿರಲಿಲ್ಲ. ಮಾಲೀಕರಾಗಲಿ ಮಾಲೀಕರ ಗಂಡನಾಗಲಿ ಅಲ್ಲದ ಸಂಘದ ಸದಸ್ಯರೊಬ್ಬರು ಕುದುರೆಯ ಹೆಸರು ಸೂಚಿಸಬೇಕು, ಯಾಕೆ ಸೂಚಿಸುತ್ತೇನೆಂದು ನಾಲ್ಕು ಸಾಲು ಬರೆಯಬೇಕು.

ಸೆಪ್ಟೆಂಬರ್ ಕೊನೆಯ ಭಾನುವಾರ, ಊಟ ಪೂರ್ತಿ ಮುಗಿದು ತಟ್ಟೆ ಎತ್ತಿದ ಮೇಲೆ, ಡಾರ್ಲಾ ಅರ್ಜಿ ಹರಡಿಕೊಂಡು ಕೂತಳು.

"ಕ್ರಾಮರ್‌ನ ಕೇಳೋಣ ಅಂದ್ಕೊಂಡಿದ್ದೀನಿ. ದೊಡ್ಡ ಹೆಸರು. ಅವರು ಬರೆದ್ರೆ ತೂಕ ಬರುತ್ತೆ."

"ಕ್ರಾಮರ್!" ಅಜ್ಜ ಕುರ್ಚಿಯಲ್ಲಿ ನೆಟ್ಟಗಾದ. "ಕ್ರಾಮರ್‌ಗೆ ಆ ಕುದುರೆ ಬಗ್ಗೆ ಏನು ಗೊತ್ತು? ಒಂದು ದಿನ ನೋಡಿದ್ದಾನೆ."

"ಮತ್ಯಾರನ್ನ ಕೇಳ್ಲಿ? ಕರ್ಟ್ ಬರೆಯೋ ಹಾಗಿಲ್ಲ."

"ನಾನು ಸತ್ತಿದ್ದೀನಾ?"

ಡಾರ್ಲಾ ತಲೆ ಎತ್ತಿದಳು. ಮಾಲೀಕನಾಗಿದ್ದಾಗ ಅವನು ಈ ಕುದುರೆಯ ಪರವಾಗಿ ಈ ಕಾಗದಕ್ಕೆ ಸಹಿ ಹಾಕುವ ಹಾಗಿರಲಿಲ್ಲ. ಈಗ ಹಾಕಬಹುದು. ಅದು ಇಷ್ಟು ದಿನ ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ಅರ್ಜಿಯನ್ನು ಅವನ ಮುಂದೆ ಸರಿಸಿದಳು. ಒಂದು ಗೆರೆಯನ್ನೂ ತುಂಬಿರಲಿಲ್ಲ. ಅಜ್ಜ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು ಒರೆಸಿಕೊಂಡು ಬಂದ. ಪೆನ್ನು ಹಿಡಿದ. ಮೊದಲ ಗೆರೆ: ಮಾಲೀಕರು.

ಪೆನ್ನು ಕಾಗದದ ಮೇಲೆ ನಿಂತಿತು. ಕರ್ಟ್ ಕಾಫಿ ಕುಡಿಯುವುದನ್ನು ಬಿಟ್ಟ. ಬ್ರಿಟಾ ಅಜ್ಜನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅಜ್ಜ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಶಾಲೆಯ ಹುಡುಗ ಮೊದಲ ಸಲ ಬರೆಯುವ ಹಾಗೆ, ಒಂದೊಂದೇ ಅಕ್ಷರ ಬರೆದ. ಡಾರ್ಲಾ ಟೋರ್ಗರ್ಸನ್.

"ಮಸಿ ಕಲೆ ಇಲ್ಲ," ಎಂದಳು ಆರ್ಡಿಸ್ ಅಜ್ಜಿ.

ಸೂಚಿಸುವವರ ಹೆಸರನ್ನು ಅವನು ಸರಸರನೆ ಬರೆದ. ಅಲ್ಲಿ ಕೈಗೆ ಅಭ್ಯಾಸವಿತ್ತು. ನಾಲ್ಕು ಸಾಲಿನ ಜಾಗಕ್ಕೆ ಬಂದು ಬಹಳ ಹೊತ್ತು ಕೂತ. ಹೊರಗೆ ಲಾಯದಿಂದ ಟಿಲ್ಲಿ ಬಕೆಟ್ಟಿಗೆ ಒದೆಯುವ ಸದ್ದು ಬಂತು. ಮರಿಯಾಗಿದ್ದಾಗಿನ ಚಾಳಿ, ಇನ್ನೂ ಬಿಟ್ಟಿರಲಿಲ್ಲ. ಕೊನೆಗೆ ಅಜ್ಜ ಬರೆದು, ಕನ್ನಡಕ ತೆಗೆದು, ಕಾಗದವನ್ನು ಅಜ್ಜಿಯ ಕಡೆ ತಳ್ಳಿದ.

"ಕಾಗುಣಿತ ನೋಡು."

ಅಜ್ಜಿ ಗಟ್ಟಿಯಾಗಿ ಓದಿದಳು:

"ಐವತ್ತೆಂಟು ವರ್ಷದಿಂದ ಕುದುರೆ ಸಾಕುತ್ತಿದ್ದೇನೆ. ಈ ಕುದುರೆ ಹುಟ್ಟಿದ ಬೆಳಿಗ್ಗೆ ಇದು ಸತ್ತಿದೆ ಎಂದು ಹೇಳಿದವನು ನಾನು. ಡಾರ್ಲಾ ಒಪ್ಪಲಿಲ್ಲ. ನಾನು ಟಾರ್ಪಾಲು ತಂದಿದ್ದೆ, ಅವಳು ಟವೆಲ್ಲು ತಂದಿದ್ದಳು."

ಅಜ್ಜಿ ಕಾಗದ ಕೆಳಗಿಟ್ಟಳು. "ಕಾಗುಣಿತ ಸರಿ ಇದೆ," ಎಂದಳು.

ಡಾರ್ಲಾ ಎದ್ದು ಅಜ್ಜನ ಕಪ್ಪಿಗೆ ಕಾಫಿ ಸುರಿದಳು. ಕಣ್ಣು ಮಂಜಾಗಿ ಕಾಫಿ ತುಂಬಿ ಬಸಿಗೂ ಚೆಲ್ಲಿತು, ಮೇಜಿಗೂ ಹರಿಯಿತು. ಅಜ್ಜ ಗಡಬಡಿಸಿ ಅರ್ಜಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದ.

"ಹುಷಾರು, ಡಾರ್ಲಾ! ನಿನ್ನ ಹೆಸರಿದೆ ಇದರಲ್ಲಿ!"